ಬೆಂಗಳೂರಿನಲ್ಲಿದ್ದುಕೊಂಡು ಬ್ರಿಟನ್ ಪೆನ್ಷನ್ನಿನ ಖಾಲಿ ವರ್ಷ ತುಂಬಿಸಿಕೊಳ್ಳುವುದು ಹೇಗೆ

2024ರ ಮಾರ್ಚ್ ಕೊನೆಗೆ ನಾನು ಕೆಲಸ ಬಿಟ್ಟೆ. ಆಗ ನನಗೆ 51. ಅಮ್ಮನಿಗೆ ಎರಡೂ ಮಂಡಿಯ ಆಪರೇಷನ್ ಆಗಿತ್ತು, ಮಗಳ ಓದು ಮುಗಿದಿತ್ತು, ಮನೆ ಸಾಲ ತೀರಿತ್ತು. ದುಡಿದದ್ದು ಸಾಕು ಅನ್ನಿಸಿತು. ಬಿಟ್ಟ ಮೂರನೇ ವಾರ ತ್ಯಾಗರಾಜನಗರದ ಮನೆಯಲ್ಲಿ ಬೀರು ಒಪ್ಪ ಮಾಡುತ್ತಿದ್ದಾಗ ಹಳೆಯ ನೀಲಿ ಫೈಲೊಂದು ಕೈಗೆ ಬಂತು. ಒಳಗೆ ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ದುಡಿದ ವರ್ಷಗಳ ಪಿ60ಗಳು, ಕೊನೆಗೆ ಕೆಲಸ ಬಿಟ್ಟಾಗ ಕೊಟ್ಟ ಪಿ45. ಪಿ60 ಅಂದರೆ ನಮ್ಮ ಫಾರಂ 16 ಇದ್ದ ಹಾಗೆ, ಆ ವರ್ಷದ ಸಂಬಳ ಎಷ್ಟು, ಕಡಿತ ಎಷ್ಟು ಎಂದು ಕೆಲಸ ಕೊಟ್ಟವರು ಕೊಡುವ ಕಾಗದ. ಹಾಳೆ ಹಾಳೆಯಲ್ಲೂ ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಸರ್ಕಾರಿ ಪೆನ್ಷನ್ನಿಗೆಂದು ಸಂಬಳದಲ್ಲಿ ಹಿಡಿಯುವ ವಂತಿಗೆ, ಎಂಬ ಸಾಲಿನ ಮುಂದೆ ಒಂದು ಮೊತ್ತ. ಊರಿಗೆ ಬಂದು ಆರು ವರ್ಷವಾಗುತ್ತಾ ಬಂದಿತ್ತು. ಅಷ್ಟು ದಿನವೂ ಆ ದುಡ್ಡು ನನ್ನ ತಲೆಗೇ ಬಂದಿರಲಿಲ್ಲ.

ಅಂದಿನಿಂದ ಒಂದೂವರೆ ವರ್ಷ ಈ ಕೆಲಸದ ಹಿಂದೆ ಬಿದ್ದು ನನ್ನದೂ ನಮ್ಮ ಮನೆಯವರದೂ ಎರಡು ಲೆಕ್ಕ ಸರಿಮಾಡಿಕೊಂಡೆ. ಬ್ರಿಟನ್ನಿನಲ್ಲಿ ಹತ್ತಾರು ವರ್ಷ ದುಡಿದು, ಅರುವತ್ತಕ್ಕೆ ಮುಂಚೆಯೇ ಕೆಲಸ ಬಿಟ್ಟು ಇಲ್ಲಿ ನೆಲೆಸಿದವರು ನಮ್ಮ ಸುತ್ತಮುತ್ತ ಬಹಳ ಮಂದಿ ಇದ್ದಾರೆ. ಆ ಫೈಲು ಅವರ ಮನೆಯ ಬೀರುವಿನಲ್ಲೂ ಇರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಹೆಸರಿನಲ್ಲಿ ಎಷ್ಟು ವರ್ಷ ಇದೆ ನೋಡಿ

ಬ್ರಿಟನ್ನಿನ ಸರ್ಕಾರಿ ಪೆನ್ಷನ್ನಿಗೆ, ಅಂದರೆ ಸ್ಟೇಟ್ ಪೆನ್ಷನ್ನಿಗೆ, ನೀವು ಎಷ್ಟು ದುಡ್ಡು ಕಟ್ಟಿದಿರಿ ಎನ್ನುವುದಕ್ಕಿಂತ ಎಷ್ಟು ವರ್ಷ ಕಟ್ಟಿದಿರಿ ಎನ್ನುವುದೇ ಮುಖ್ಯ. 2016ರ ಏಪ್ರಿಲ್ 6ರಿಂದ ಈಚೆಗೆ ಪೆನ್ಷನ್ ವಯಸ್ಸಿಗೆ ಬರುವವರೆಲ್ಲ ಹೊಸ ಪದ್ಧತಿಗೆ ಸೇರುತ್ತಾರೆ. ಅದರಲ್ಲಿ ಕನಿಷ್ಠ 10 ವರ್ಷ ಇದ್ದರೆ ಮಾತ್ರ ಪೆನ್ಷನ್. ಒಂಬತ್ತು ವರ್ಷ ಇದ್ದರೆ ಬಿಡಿಗಾಸೂ ಇಲ್ಲ. ಪೂರ್ತಿ ಪೆನ್ಷನ್ನಿಗೆ ಸಾಮಾನ್ಯವಾಗಿ 35 ವರ್ಷ ಬೇಕು. 2025-26ರಲ್ಲಿ ಪೂರ್ತಿ ಪೆನ್ಷನ್ ವಾರಕ್ಕೆ 230.25 ಪೌಂಡ್ ಇತ್ತು. ಅದನ್ನು 35ರಿಂದ ಭಾಗಿಸಿದರೆ ಒಂದು ವರ್ಷದ ಬೆಲೆ ಸಿಗುತ್ತದೆ: ವಾರಕ್ಕೆ 6.58 ಪೌಂಡ್, ವರ್ಷಕ್ಕೆ ಸುಮಾರು 342 ಪೌಂಡ್. ಈ 342 ಎಂಬ ಅಂಕಿ ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕಕ್ಕೆಲ್ಲ ಅದೇ ಬೇಕು.

ವರ್ಷ ಅಂದರೆ ಅಲ್ಲಿನ ತೆರಿಗೆ ವರ್ಷ, ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ನಮ್ಮ ಏಪ್ರಿಲ್ 1, ಮಾರ್ಚ್ 31 ಇಲ್ಲಿ ನಡೆಯುವುದಿಲ್ಲ.

ನನ್ನದನ್ನೇ ಬೆರಳು ಮಡಿಸಿ ಎಣಿಸಿದಾಗ ಎರಡು ಕಡೆ ತಪ್ಪಿದ್ದೆ. ನಾನು ಲೀಡ್ಸ್‌ಗೆ ಹೋದದ್ದು 2005ರ ಜುಲೈಯಲ್ಲಿ, ಬೆಂಗಳೂರಿನ ಕಂಪನಿಯ ಡೆಪ್ಯುಟೇಷನ್ ಮೇಲೆ. ಹಾಗಾಗಿ 2005-06ನೇ ವರ್ಷ ನನ್ನದಾಗಿದೆ ಎಂದುಕೊಂಡಿದ್ದೆ. ಆಗಿರಲಿಲ್ಲ. ಭಾರತದ ಕಂಪನಿ ತಾತ್ಕಾಲಿಕವಾಗಿ ಕಳಿಸಿದವರಿಗೆ ಮೊದಲ 52 ವಾರ ಅಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಹಿಡಿಯುತ್ತಿರಲಿಲ್ಲ. ಆಗ ಕೈಗೆ ನಾಲ್ಕು ಕಾಸು ಹೆಚ್ಚು ಬಂತು ಎಂದು ಖುಷಿಪಟ್ಟಿದ್ದೆವು, ದಾಖಲೆಯಲ್ಲಿ ಆ ವರ್ಷ ಖಾಲಿ ಉಳಿಯಿತು. ಡೆಪ್ಯುಟೇಷನ್ ಮೇಲೆ ಹೋದವರು ಮೊದಲ ವರ್ಷವನ್ನು ಎಣಿಕೆಯಿಂದ ಬಿಟ್ಟೇ ಲೆಕ್ಕ ಶುರುಮಾಡಿ.

ಇನ್ನೊಂದು ತಪ್ಪು ನನಗೆ ಲಾಭದ್ದು. ನಾವು ವಾಪಸು ಬಂದದ್ದು 2018ರ ಆಗಸ್ಟ್‌ನಲ್ಲಿ. ಆ ತೆರಿಗೆ ವರ್ಷದಲ್ಲಿ ನಾಲ್ಕು ತಿಂಗಳಷ್ಟೇ ಕೆಲಸ ಮಾಡಿದ್ದು, ಅರ್ಧಂಬರ್ಧ ವರ್ಷ, ಲೆಕ್ಕಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಸಂಬಳದವರಿಗೆ ನೋಡುವುದು ತಿಂಗಳನ್ನಲ್ಲ, ಆ ವರ್ಷದ ಗಳಿಕೆಯನ್ನು. ವಾರದ ಕನಿಷ್ಠ ಗಳಿಕೆಯ 52 ಪಟ್ಟು ಮುಟ್ಟಿದರೆ ಇಡೀ ವರ್ಷ ನಿಮ್ಮದು. 2025-26ರಲ್ಲಿ ಅದು 6,500 ಪೌಂಡ್, 2018-19ರಲ್ಲಿ ಇನ್ನೂ ಕಡಿಮೆ. ನಾಲ್ಕು ತಿಂಗಳ ಸಂಬಳ ಅದನ್ನು ಆರಾಮವಾಗಿ ದಾಟಿತ್ತು. ಹೀಗೆ 2006-07ರಿಂದ 2018-19ರವರೆಗೆ ನನ್ನ ಹೆಸರಿನಲ್ಲಿ 13 ವರ್ಷ ಇದ್ದವು.

ಆದ್ದರಿಂದ ಬೆರಳೆಣಿಕೆ ನಂಬಬೇಡಿ, ದಾಖಲೆ ತರಿಸಿಕೊಳ್ಳಿ. ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಅಥವಾ ಹಳೆಯ ಆನ್‌ಲೈನ್ ಲಾಗಿನ್ ಉಳಿಸಿಕೊಂಡವರು ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಪೆನ್ಷನ್ ಅಂದಾಜನ್ನೂ ವರ್ಷವಾರು ದಾಖಲೆಯನ್ನೂ ಕೂತಲ್ಲೇ ನೋಡಬಹುದು. ನನಗೆ ಆ ದಾರಿ ಇರಲಿಲ್ಲ. ಬಿಆರ್19 ಎಂಬ ಫಾರಂ ತುಂಬಿ ಅಂಚೆಯಲ್ಲಿ ಕಳಿಸಿ ಅಂದಾಜು ಪತ್ರ ತರಿಸಿಕೊಂಡೆ. ಫೋನ್ ಮಾಡುವುದಾದರೆ ಅಲ್ಲಿ ಬೆಳಗ್ಗೆ 8 ಆಗುವಾಗ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಲೈನ್ ತೆರೆಯುತ್ತಿದ್ದ ಹಾಗೇ ಮಾಡಿದರೆ ಕಾಯುವುದು ಕಡಿಮೆ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿರಲಿ: ಎರಡು ಅಕ್ಷರ, ಆರು ಅಂಕಿ, ಕೊನೆಗೊಂದು ಅಕ್ಷರ. ಪಿ60ಯಲ್ಲೂ ಪೇಸ್ಲಿಪ್ಪಿನಲ್ಲೂ ಅಚ್ಚಾಗಿರುತ್ತದೆ.

ಅಂದಾಜು ಪತ್ರ ಇಲ್ಲದೆ ಒಂದು ಪೌಂಡನ್ನೂ ಕಟ್ಟಬೇಡಿ. 2016ಕ್ಕೆ ಮುಂಚೆ ಕಟ್ಟಿದ ವರ್ಷಗಳನ್ನು ಹಳೆಯ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಲೆಕ್ಕ ಹಾಕಿ ಯಾವುದು ಜಾಸ್ತಿಯೋ ಅದನ್ನೇ ನಿಮ್ಮ ಆರಂಭದ ಮೊತ್ತವಾಗಿ ಹಿಡಿದಿರುತ್ತಾರೆ. ಕಂಪನಿ ಪೆನ್ಷನ್ ಇದ್ದ ಕೆಲವರಿಗೆ ಅದರಲ್ಲಿ ಕಡಿತವೂ ಇರುತ್ತದೆ. ಇನ್ನು ಕೆಲವರಿಗೆ 35 ತುಂಬುವ ಮೊದಲೇ ಪೂರ್ತಿ ಪೆನ್ಷನ್ ಆಗಿಬಿಡುತ್ತದೆ. ಅದರ ಮೇಲೆ ಕಟ್ಟಿದ್ದು ನೀರಿನಲ್ಲಿ ಹೋಮ ಮಾಡಿದಂತೆ. ಇನ್ನೊಂದನ್ನೂ ನೋಡಿ: ಅಲ್ಲಿ ಖಾಯಂ ವಾಸದ ಹಕ್ಕು ಸಿಕ್ಕ ಮೇಲೆ 12ರ ಒಳಗಿನ ಮಕ್ಕಳಿಗೆ ಚೈಲ್ಡ್ ಬೆನಿಫಿಟ್ ಪಡೆದಿದ್ದರೆ, ಅದು ಯಾರ ಹೆಸರಿನಲ್ಲಿತ್ತೋ ಅವರಿಗೆ ಆ ವರ್ಷಗಳು ಪುಕ್ಕಟೆ ಸೇರಿರಬಹುದು. ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಂಡ ಹೆಂಗಸರು ಇದನ್ನು ಮರೆತೇಬಿಟ್ಟಿರುತ್ತಾರೆ.

ಕ್ಲಾಸ್ 2, ಕ್ಲಾಸ್ 3

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬ್ರಿಟನ್ ಬಿಟ್ಟು ಬಂದವರು ತಾವಾಗಿಯೇ ವಂತಿಗೆ ಕಟ್ಟಲು ಎರಡು ಬಗೆ ಇದ್ದವು. ಹೊರದೇಶದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಕ್ಲಾಸ್ 2. ಕೆಲಸ ಮಾಡದೆ ಇರುವವರಿಗೆ, ಅಂದರೆ ನಮ್ಮ ಹಾಗೆ ಬೇಗ ನಿವೃತ್ತರಾದವರಿಗೆ, ಕ್ಲಾಸ್ 3. ಪೆನ್ಷನ್ನಿನ ಮಟ್ಟಿಗೆ ಎರಡರಿಂದಲೂ ಸಿಗುವುದು ಅದೇ ಒಂದು ವರ್ಷ. ಬೆಲೆ ಮಾತ್ರ ಅಜಗಜಾಂತರ. 2025-26ರಲ್ಲಿ ಕ್ಲಾಸ್ 2 ವಾರಕ್ಕೆ 3.50 ಪೌಂಡ್, ವರ್ಷಕ್ಕೆ 182. ಕ್ಲಾಸ್ 3 ವಾರಕ್ಕೆ 17.75, ವರ್ಷಕ್ಕೆ 923.

ನಾನು ನಿವೃತ್ತಳು, ನನಗೆ ಕ್ಲಾಸ್ 3 ಎಂದು ಒಂದೇ ಗೆರೆ ಎಳೆದುಬಿಟ್ಟರೆ ನಷ್ಟ. ಯಾಕೆಂದರೆ ಪ್ರತಿ ವರ್ಷವನ್ನೂ ಆ ವರ್ಷ ನೀವು ಏನು ಮಾಡುತ್ತಿದ್ದಿರಿ ಎಂದು ಬೇರೆ ಬೇರೆಯಾಗಿ ನೋಡುತ್ತಾರೆ. ನಾನು ಬೆಂಗಳೂರಿಗೆ ಬಂದ ಮೇಲೂ 2024ರ ಮಾರ್ಚ್‌ವರೆಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಆದ್ದರಿಂದ 2019-20ರಿಂದ 2023-24ರವರೆಗಿನ ಐದು ವರ್ಷ ನನಗೆ ಕ್ಲಾಸ್ 2ರಲ್ಲೇ ಸಿಕ್ಕಿತು, ಐದಕ್ಕೂ ಸೇರಿ ಸುಮಾರು 900 ಪೌಂಡ್. ಐದು ವರ್ಷ ಅಂದರೆ 342ರ ಐದರಷ್ಟು, 1,700 ಪೌಂಡ್ ಚಿಲ್ಲರೆ, ಪ್ರತಿ ವರ್ಷ, ಸಾಯುವತನಕ. ಕ್ಲಾಸ್ 3ರಲ್ಲಿ ಕಟ್ಟಿದ್ದರೆ ಇದಕ್ಕೇ 4,500 ಪೌಂಡಿನ ಮೇಲೆ ಹೋಗುತ್ತಿತ್ತು.

ಕ್ಲಾಸ್ 2ಕ್ಕೆ ಇನ್ನೊಂದು ಷರತ್ತು ಇದೆ: ಬ್ರಿಟನ್ ಬಿಡುವ ಮುಂಚೆ, ತೀರಾ ಹತ್ತಿರದವರೆಗೂ, ಅಲ್ಲಿ ಕೆಲಸದಲ್ಲಿರಬೇಕು ಅಥವಾ ಸ್ವಂತ ವ್ಯವಹಾರ ಮಾಡುತ್ತಿರಬೇಕು. ನಮ್ಮ ಮನೆಯವರಿಗೆ ತಪ್ಪಿದ್ದು ಇದರಿಂದಲೇ. ಅವರು ಅಲ್ಲಿ ಬೇಕರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 2010ರಿಂದ 2016ರವರೆಗೆ ಆರು ವರ್ಷ ಇದ್ದರು. ಆಮೇಲೆ ಎರಡು ವರ್ಷ ಮನೆಯಲ್ಲಿದ್ದು ಮಗಳನ್ನು ನೋಡಿಕೊಂಡರು. ಬೆಂಗಳೂರಿಗೆ ಬಂದ ಮೇಲೆ ಸ್ವಂತ ಕೆಲಸ ಶುರುಮಾಡಿದರೂ, ಹೊರಡುವ ಹೊತ್ತಿಗೆ ಕೆಲಸ ಇರಲಿಲ್ಲವಾದ್ದರಿಂದ ಅವರಿಗೆ ಕ್ಲಾಸ್ 3 ಮಾತ್ರ.

ಇನ್ನು ಹೊಸ ಬದಲಾವಣೆ. 2025ರ ನವೆಂಬರ್ 26ರ ಬ್ರಿಟಿಷ್ ಬಜೆಟ್ಟಿನಲ್ಲಿ, 2026ರ ಏಪ್ರಿಲ್ 6ರಿಂದ ಹೊರದೇಶದಲ್ಲಿ ಕಳೆಯುವ ಅವಧಿಗೆ ಕ್ಲಾಸ್ 2 ಕಟ್ಟುವ ಅವಕಾಶವನ್ನೇ ತೆಗೆದರು. ಕ್ಲಾಸ್ 3ಕ್ಕೂ ಬಿಗಿ ಮಾಡಿದರು. ಮೊದಲು ಅಲ್ಲಿ ಮೂರು ವರ್ಷ ಒಂದೇ ಸಮನೆ ವಾಸವಿದ್ದರೆ ಅಥವಾ ಮೂರು ವರ್ಷ ವಂತಿಗೆ ಕಟ್ಟಿದ್ದರೆ ಸಾಕಿತ್ತು. ಈಗ ಅದು ಹತ್ತು ವರ್ಷ. ಇದು 2026-27ನೇ ವರ್ಷದಿಂದ ಮುಂದಕ್ಕೆ ಅನ್ವಯ. ಅದಕ್ಕೂ ಹಿಂದಿನ ಖಾಲಿ ವರ್ಷಗಳನ್ನು ಹಳೆಯ ಷರತ್ತಿನಲ್ಲೇ ನೋಡುತ್ತಾರೆ, ಆದರೆ ಆ ವರ್ಷಗಳಿಗೂ ಕಾಲಮಿತಿ ಇದೆ. ಸಾಮಾನ್ಯವಾಗಿ ಹಿಂದಿನ ಆರು ತೆರಿಗೆ ವರ್ಷಗಳನ್ನಷ್ಟೇ ತುಂಬಲು ಬಿಡುತ್ತಾರೆ. 2020-21ಕ್ಕೆ ಕೊನೆಯ ದಿನ 2027ರ ಏಪ್ರಿಲ್ 5. ಅದರ ಮುಂದಿನದಕ್ಕೆ 2028ರ ಏಪ್ರಿಲ್ 5. ಹೀಗೆ ಪ್ರತಿ ಏಪ್ರಿಲ್ 5ಕ್ಕೆ ಒಂದೊಂದು ವರ್ಷ ಕೈತಪ್ಪುತ್ತಾ ಹೋಗುತ್ತದೆ. 2006ರವರೆಗೆ ಹಿಂದೆ ಹೋಗಿ ತುಂಬಲು ಕೆಲವು ವರ್ಷ ವಿಶೇಷ ಅವಕಾಶ ಇತ್ತು, ಅದು 2025ರ ಏಪ್ರಿಲ್ 5ಕ್ಕೆ ಮುಗಿದುಹೋಯಿತು.

ಹಾಗಾದರೆ ಇವತ್ತು ಯಾರು ಅವಸರ ಮಾಡಬೇಕು? ಅಲ್ಲಿಂದ ಬಂದ ಮೇಲೆ ಇಲ್ಲಿ ಕೆಲಸ ಮಾಡಿ ಈಚೆಗೆ ನಿವೃತ್ತರಾದವರು, ಅಗ್ಗದ ಕ್ಲಾಸ್ 2 ವರ್ಷಗಳು ಕಾಲಮಿತಿಯೊಳಗೆ ಇನ್ನೂ ಉಳಿದಿರುವುದರಿಂದ. ಜೊತೆಗೆ ಹತ್ತಕ್ಕಿಂತ ಕಡಿಮೆ ವರ್ಷ ಇರುವವರು. ಇವರಿಬ್ಬರೂ ಈ ತಿಂಗಳೇ ಫಾರಂ ಕಳಿಸಿ.

ಫಾರಂ ತುಂಬುವುದು, ಕಳಿಸುವುದು

ಹೊರದೇಶದಿಂದ ವಂತಿಗೆ ಕಟ್ಟಲು ಅರ್ಜಿ ಹಾಕುವ ಫಾರಂ ಹೆಸರು ಸಿಎಫ್83. ಎನ್‌ಐ38 ಎಂಬ ಕೈಪಿಡಿಯೂ ಇದೆ, ಎರಡೂ ಸರ್ಕಾರದ ತಾಣದಲ್ಲಿ ಪುಕ್ಕಟೆ. ನಿಮ್ಮ ಪರವಾಗಿ ತುಂಬಿಕೊಡುತ್ತೇವೆ, ಇಷ್ಟು ಪರ್ಸೆಂಟ್ ಕೊಡಿ ಎಂದು ವಾಟ್ಸಾಪ್‌ನಲ್ಲಿ ಬರುವವರನ್ನು ದೂರ ಇಡಿ. ಇದರಲ್ಲಿ ನಿಮಗೆ ಗೊತ್ತಿಲ್ಲದ ಪ್ರಶ್ನೆ ಒಂದೂ ಇಲ್ಲ. ಬ್ರಿಟನ್ನಿನಲ್ಲಿ ಯಾವ ಯಾವ ವಿಳಾಸದಲ್ಲಿದ್ದಿರಿ, ಯಾರ ಹತ್ತಿರ ಕೆಲಸ, ಯಾವ ತಾರೀಕು ದೇಶ ಬಿಟ್ಟಿರಿ, ಆಮೇಲೆ ಎಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಕೂತು ಬರೆಯುವ ಮುಂಚೆ ಹಳೆಯ ಪಾಸ್‌ಪೋರ್ಟ್ ಹತ್ತಿರ ಇಟ್ಟುಕೊಳ್ಳಿ. ದೇಶ ಬಿಟ್ಟ ತಾರೀಕು ನನಗೆ ಸಿಕ್ಕಿದ್ದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹೊಡೆದ ಸೀಲಿನಿಂದ. ಅಲ್ಲಿಂದ ಹೊರಡುವಾಗ ಅವರು ಸೀಲು ಹಾಕಿರಲಿಲ್ಲ.

ಮುಖ್ಯವಾದದ್ದು ಕೆಲಸದ ಅವಧಿ. 2018ರ ಸೆಪ್ಟೆಂಬರ್‌ನಿಂದ 2024ರ ಮಾರ್ಚ್ 29ರವರೆಗೆ ಬೆಂಗಳೂರಿನಲ್ಲಿ ಇಂಥ ಕಡೆ ಪೂರ್ಣಾವಧಿ ಕೆಲಸ, ಅಂದಿನಿಂದ ಸ್ವಇಚ್ಛೆಯಿಂದ ನಿವೃತ್ತಿ, ಆಮೇಲೆ ಯಾವ ಕೆಲಸವೂ ಇಲ್ಲ. ಹೀಗೆ ನೇರವಾಗಿ ಬರೆದೆ. ಮೊದಲ ಅವಧಿಗೆ ಕ್ಲಾಸ್ 2, ನಂತರದ್ದಕ್ಕೆ ಕ್ಲಾಸ್ 3 ಕೇಳುತ್ತಿದ್ದೇನೆ ಎಂದು ಬೇರೆ ಹಾಳೆಯಲ್ಲಿ ವರ್ಷವಾರು ಪಟ್ಟಿ ಮಾಡಿ, ರಿಲೀವಿಂಗ್ ಲೆಟರಿನ ಜೆರಾಕ್ಸ್ ಜೊತೆಗಿಟ್ಟೆ. ಫಾರಂನಲ್ಲಿ ಜಾಗ ಸಾಲದಿದ್ದರೆ ಹೀಗೆ ಹಾಳೆ ಸೇರಿಸಿ, ಹಾಳೆ ಹಾಳೆಯ ಮೇಲೂ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬರೆಯಿರಿ. ಹಾಳೆ ಬೇರೆಯಾದರೂ ಯಾರದೆಂದು ಗೊತ್ತಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಕಳಿಸುವುದಾದರೆ ಎರಡು ಫಾರಂ, ಎರಡು ಲಕೋಟೆ.

2024ರ ಸೆಪ್ಟೆಂಬರ್‌ನಲ್ಲಿ ಎರಡೂ ಲಕೋಟೆ ಹಿಡಿದು ಬಸವನಗುಡಿ ಹೆಡ್ ಪೋಸ್ಟಾಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ವಿಳಾಸ ಓದಿ ಲಕೋಟೆ ತಿರುಗಿಸಿ ನೋಡಿದ.

"ಮೇಡಂ, ರಸ್ತೆ ಇಲ್ಲ, ಮನೆ ನಂಬರಿಲ್ಲ, ಊರೂ ಇಲ್ಲ. ಬರೀ ಇಲಾಖೆ ಹೆಸರು, ಒಂದು ಪಿನ್ನು. ಹೋಗುತ್ತಾ ಇದು?"

"ಅಷ್ಟೇ ವಿಳಾಸ ಕಣಪ್ಪ. ಅವರಿಗೆ ಅಂತಲೇ ಒಂದು ಪಿನ್ನು ಇದೆ."

ನಿಜಕ್ಕೂ ಅಷ್ಟೇ. ಎಚ್‌ಎಂ ರೆವೆನ್ಯೂ ಆ್ಯಂಡ್ ಕಸ್ಟಮ್ಸ್, ಪಿಟಿ ಆಪರೇಷನ್ಸ್ ನಾರ್ತ್ ಈಸ್ಟ್ ಇಂಗ್ಲೆಂಡ್, ಬಿಎಕ್ಸ್9 1ಎಎನ್, ಯುನೈಟೆಡ್ ಕಿಂಗ್‌ಡಮ್. ಆ ಪಿನ್ನು ಯಾವ ಬೀದಿಗೂ ಸೇರಿದ್ದಲ್ಲ, ತೆರಿಗೆ ಇಲಾಖೆಯ ಟಪಾಲಿಗೆಂದೇ ಕೊಟ್ಟದ್ದು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ನಿಮ್ಮ ವಿಳಾಸವನ್ನು ಮಾತ್ರ ಬೆಂಗಳೂರಿನ ಪೋಸ್ಟ್‌ಮ್ಯಾನಿಗೆ ಅರ್ಥವಾಗುವ ಹಾಗೆ ಬರೆಯಿರಿ: ಮೇನ್, ಕ್ರಾಸ್, ಬ್ಲಾಕ್, ಬಡಾವಣೆ, ಕೊನೆಗೆ ಪಿನ್. ನಮ್ಮದರಲ್ಲಿ ನೆಟ್ಟಕಲ್ಲಪ್ಪ ಸರ್ಕಲ್ ಹತ್ತಿರ ಎಂದೂ ಸೇರಿಸಿದ್ದೆ.

ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಅದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ. ಕಾಯುವಾಗ ಇನ್ನೊಂದು ಫಾರಂ ಕಳಿಸಬೇಡಿ, ಒಂದೇ ಹೆಸರಿನಲ್ಲಿ ಎರಡು ಅರ್ಜಿ ಆಗುತ್ತದೆ. ನಮ್ಮಿಬ್ಬರ ಪತ್ರವೂ 2025ರ ಮೇಯಲ್ಲಿ ಬಂತು. ಯಾವ ವರ್ಷ, ಯಾವ ಕ್ಲಾಸ್, ಎಷ್ಟು ದುಡ್ಡು, ಯಾವ ದಿನದೊಳಗೆ ಕಟ್ಟಿದರೆ ಆ ದರ ಎಂದು ಸಾಲಾಗಿ ಇರುತ್ತದೆ. ಕ್ಲಾಸ್ 3ರಲ್ಲಿ ಕಳೆದ ಎರಡು ವರ್ಷದ, ಕ್ಲಾಸ್ 2ರಲ್ಲಿ ಕಳೆದ ಒಂದು ವರ್ಷದ ಖಾಲಿಗಾದರೆ ಆಯಾ ವರ್ಷದ ಹಳೆಯ ದರ, ಅದಕ್ಕಿಂತ ಹಿಂದಿನದಕ್ಕೆ ಈಗಿನ ದರ. ಪತ್ರದಲ್ಲಿರುವ ಎಲ್ಲ ವರ್ಷವನ್ನೂ ಕಟ್ಟಲೇಬೇಕೆಂದಿಲ್ಲ, ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ಹದಿನೆಂಟು ಪೌಂಡು

ನಮ್ಮ ಮನೆಯವರಿಗೆ ಆರು ವರ್ಷ ಇತ್ತು, ನಾಲ್ಕು ಬೇಕಿತ್ತು. 2020-21ರಿಂದ 2023-24ರವರೆಗೆ ನಾಲ್ಕು ವರ್ಷ ಆರಿಸಿಕೊಂಡೆವು, ಒಟ್ಟು 3,700 ಪೌಂಡಿಗೆ ಸ್ವಲ್ಪ ಕಡಿಮೆ. ಪೌಂಡಿಗೆ 116 ರೂಪಾಯಿಯ ಲೆಕ್ಕದಲ್ಲಿ ನಾಲ್ಕೂಕಾಲು ಲಕ್ಷ. ಅದರಿಂದ ಬರುವುದು ನಾಲ್ಕು ವರ್ಷದ ಪೆನ್ಷನ್ ಮಾತ್ರವಲ್ಲ. ಹತ್ತು ಮುಟ್ಟಿದ ಕೂಡಲೇ ಸತ್ತಂತೆ ಬಿದ್ದಿದ್ದ ಆರು ವರ್ಷಕ್ಕೂ ಜೀವ ಬರುತ್ತದೆ. 2025-26ರ ದರದಲ್ಲಿ ಹತ್ತು ವರ್ಷಕ್ಕೆ ವಾರಕ್ಕೆ ಸುಮಾರು 66 ಪೌಂಡ್, ವರ್ಷಕ್ಕೆ 3,400ರ ಮೇಲೆ. ಹದಿಮೂರು ತಿಂಗಳಿಗೆ ಕಟ್ಟಿದ್ದು ವಾಪಸು. ಹತ್ತಕ್ಕೆ ಹತ್ತಿರ ಇರುವವರಿಗೆ ಇಷ್ಟು ಲಾಭದ ಬಾಬ್ತು ನಾನು ಬೇರೆ ಕಂಡಿಲ್ಲ.

ದುಡ್ಡು ಕಳಿಸಲು ನಮಗೆ ಅಲ್ಲಿನ ಬ್ಯಾಂಕ್ ಖಾತೆ ಉಳಿದಿರಲಿಲ್ಲ. ಇದ್ದವರು ಅಲ್ಲಿಂದಲೇ ಕಟ್ಟಿ, ಸಲೀಸು. ಇಲ್ಲದವರು ಇಲ್ಲಿನ ಬ್ಯಾಂಕಿನಿಂದ, ಹೊರದೇಶಕ್ಕೆ ದುಡ್ಡು ಕಳಿಸುವ ಯೋಜನೆಯಾದ ಎಲ್‌ಆರ್‌ಎಸ್ ಮೂಲಕ ಕಳಿಸಬೇಕು. ರಿಸರ್ವ್ ಬ್ಯಾಂಕ್ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಲು ಬಿಡುತ್ತದೆ, ನಮ್ಮದು ಅದರ ಮುಂದೆ ಚಿಲ್ಲರೆ. ಹಾಗೆ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರಂ, ಪ್ಯಾನ್, ಬ್ರಿಟನ್ನಿನ ತೆರಿಗೆ ಇಲಾಖೆಯ ಪತ್ರದ ಜೆರಾಕ್ಸ್ ಬೇಕು. ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟದಿದ್ದರೆ ಟಿಸಿಎಸ್, ಅಂದರೆ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ, ಹಿಡಿಯುವುದಿಲ್ಲ. ಶಾಖೆಯಲ್ಲಿ ಇನ್ಶೂರೆನ್ಸ್ ಎಂಬ ಪದ ನೋಡಿ ಪಾಲಿಸಿ ಎಲ್ಲಿ ಎಂದು ಕೇಳುತ್ತಾರೆ. ಇದು ಪಾಲಿಸಿಯ ಪ್ರೀಮಿಯಂ ಅಲ್ಲ, ಆ ದೇಶದ ಸರ್ಕಾರಕ್ಕೆ ಕಟ್ಟುವ ಪೆನ್ಷನ್ ವಂತಿಗೆ, ನಮ್ಮ ಪಿಎಫ್ ಇದ್ದ ಹಾಗೆ ಎಂದು ಹೇಳಿ ಪತ್ರ ತೋರಿಸಿ.

ನಾವು ಜೂನ್‌ನಲ್ಲಿ ಕಳಿಸಿದೆವು. ಆಗಸ್ಟ್‌ನಲ್ಲಿ ದಾಖಲೆ ವಿಚಾರಿಸಿದಾಗ ನಮ್ಮ ಮನೆಯವರ ಲೆಕ್ಕದಲ್ಲಿ ಒಂಬತ್ತೇ ವರ್ಷ. ಕೊನೆಯ ವರ್ಷಕ್ಕೆ ದುಡ್ಡು ಕಡಿಮೆ ಬಂದಿದೆ ಎಂದರು. ನಾವು ಕಳಿಸಿದ ಮೊತ್ತಕ್ಕೂ ಅಲ್ಲಿ ಜಮೆಯಾದ ಮೊತ್ತಕ್ಕೂ 18 ಪೌಂಡ್ ವ್ಯತ್ಯಾಸ. ಒಂದು ವಾರದ ವಂತಿಗೆ 17 ಪೌಂಡ್ ಚಿಲ್ಲರೆ, ಅಷ್ಟು ಸಾಕು ವರ್ಷ ಅಪೂರ್ಣವಾಗಲು. ಒಂಬತ್ತು ವರ್ಷಕ್ಕೆ ಪೆನ್ಷನ್ ಸೊನ್ನೆ ಎಂದು ಮೇಲೆ ಹೇಳಿದೆನಲ್ಲ. ನಾಲ್ಕೂಕಾಲು ಲಕ್ಷ ಕಟ್ಟಿಯೂ ಅವತ್ತಿಗೆ ಅವರ ಪೆನ್ಷನ್ ಸೊನ್ನೆಯೇ ಆಗಿತ್ತು. ಆ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಮಾರನೆಯ ದಿನ ಬ್ಯಾಂಕಿಗೆ ಹೋಗಿ ಸ್ವಿಫ್ಟ್ ಕಾಪಿ, ಅಂದರೆ ಹೊರದೇಶಕ್ಕೆ ದುಡ್ಡು ಹೋದ ವಿವರದ ಪ್ರತಿ, ತೆಗೆಸಿದೆವು. ಅದರಲ್ಲಿ ಖರ್ಚು ಯಾರದು ಎಂಬ ಒಂದು ಸಾಲು ಇರುತ್ತದೆ. ನಮ್ಮದರಲ್ಲಿ ಎಸ್‌ಎಚ್‌ಎ ಎಂದಿತ್ತು, ಅಂದರೆ ಈ ಕಡೆಯ ಖರ್ಚು ನಮ್ಮದು, ದಾರಿಯಲ್ಲಿ ಬರುವ ಬ್ಯಾಂಕುಗಳ ಖರ್ಚು ಕಳಿಸಿದ ದುಡ್ಡಿನಲ್ಲೇ ಮುರಿದುಕೊಳ್ಳುತ್ತಾರೆ. ಶಾಖೆಯಲ್ಲಿ ಇದನ್ನು ನಮಗೆ ಯಾರೂ ಕೇಳಿರಲಿಲ್ಲ, ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ. ಕೊರತೆಯ ದುಡ್ಡನ್ನು ಮತ್ತೆ ಕಳಿಸಿದೆವು, ಈ ಸಲ ಒಯುಆರ್ ಎಂದು ಹಾಕಿಸಿ. ಆಗ ಎಲ್ಲ ಖರ್ಚೂ ನಮ್ಮ ಖಾತೆಯಿಂದ ಹೋಗುತ್ತದೆ, ಅಲ್ಲಿ ಪೂರ್ತಿ ಮೊತ್ತ ಮುಟ್ಟುತ್ತದೆ. ಹದಿನೆಂಟು ಪೌಂಡ್ ಕಳಿಸಲು ಅದಕ್ಕಿಂತ ಹೆಚ್ಚು ಚಾರ್ಜು ಕೊಟ್ಟೆವು. ಅಕ್ಟೋಬರ್‌ನಲ್ಲಿ ಹತ್ತು ವರ್ಷ ಎಂದು ದಾಖಲಾಯಿತು.

ಆದ್ದರಿಂದ ಎ2 ಫಾರಂಗೆ ಸಹಿ ಹಾಕುವ ಮುನ್ನ ಎರಡು ಸಾಲು ಓದಿ. ಖರ್ಚಿನ ಸಾಲಿನಲ್ಲಿ ಒಯುಆರ್ ಇದೆಯೇ, ಪತ್ರದಲ್ಲಿ ಕೊಟ್ಟಿರುವ ಪಾವತಿ ರೆಫರೆನ್ಸ್ ಒಂದಕ್ಷರ ಬಿಡದೆ ಇದೆಯೇ. ರೆಫರೆನ್ಸ್ ಇಲ್ಲದೆ ಹೋದ ದುಡ್ಡು ಯಾರ ಲೆಕ್ಕಕ್ಕೆಂದು ಅವರಿಗೆ ತಿಳಿಯುವುದಿಲ್ಲ. ಕಳಿಸಿ ಎರಡು ತಿಂಗಳಾದ ಮೇಲೆ ದಾಖಲೆ ವಿಚಾರಿಸಿ, ವರ್ಷಗಳು ಸೇರಿವೆಯೇ ಖಾತ್ರಿ ಮಾಡಿಕೊಳ್ಳಿ.

ಭಾರತದಲ್ಲಿ ಈ ಪೆನ್ಷನ್ ಏರುವುದಿಲ್ಲ

ಇದನ್ನು ತಿಳಿಯದೆ ಕಟ್ಟಬೇಡಿ. ಬ್ರಿಟನ್ನಿನೊಳಗೆ ಸ್ಟೇಟ್ ಪೆನ್ಷನ್ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. ಯುರೋಪಿನಲ್ಲಿ, ಅಮೆರಿಕದಲ್ಲಿ ನೆಲೆಸಿದವರಿಗೂ ಏರುತ್ತದೆ. ಭಾರತದಲ್ಲಿರುವವರಿಗೆ ಏರುವುದಿಲ್ಲ, ಅಂಥ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಕೆನಡಾ, ಆಸ್ಟ್ರೇಲಿಯಾದಲ್ಲಿರುವವರ ಗತಿಯೂ ಇದೇ. ಮೊದಲ ಕಂತು ಬಂದ ದಿನದ ದರ ಎಷ್ಟೋ, ತೊಂಬತ್ತನೇ ವಯಸ್ಸಿಗೂ ಅಷ್ಟೇ ಪೌಂಡು. ದುಡಿಯುವಾಗ ಒಂದೇ ದರದಲ್ಲಿ ವಂತಿಗೆ ಹಿಡಿದವರು, ಕೊಡುವಾಗ ಊರು ನೋಡಿ ಕೊಡುವುದು ಅನ್ಯಾಯ ಎಂದೇ ನನ್ನ ಮನಸ್ಸಿಗೆ ಇವತ್ತಿಗೂ ಅನ್ನಿಸುತ್ತದೆ.

ಆದರೆ ಈ ನಿಲುಗಡೆ ಶುರುವಾಗುವುದು ಪೆನ್ಷನ್ ಕೈಗೆ ಬರಲು ತೊಡಗಿದ ಮೇಲೆ. ಅಲ್ಲಿಯವರೆಗೆ ನಿಮ್ಮ ಹೆಸರಿನಲ್ಲಿರುವ ವರ್ಷಗಳ ಬೆಲೆ ಪ್ರತಿ ವರ್ಷದ ಹೊಸ ದರದ ಜೊತೆಗೇ ಏರುತ್ತಿರುತ್ತದೆ. ನಾನು ಹುಟ್ಟಿದ್ದು 1973ರಲ್ಲಿ, ನನ್ನ ಪೆನ್ಷನ್ ವಯಸ್ಸು 67, ಅಂದರೆ 2040. ಇನ್ನೂ ಹದಿನಾಲ್ಕು ವರ್ಷದ ಏರಿಕೆ ನನಗೆ ಸಿಗುತ್ತದೆ. ಆಮೇಲೆ ನಿಂತುಬಿಡುತ್ತದೆ.

ಇಷ್ಟೂ ಇಟ್ಟುಕೊಂಡು ನನ್ನ ತೀರ್ಮಾನ ಹೀಗೆ. ಕ್ಲಾಸ್ 2 ಸಿಗುವ ವರ್ಷವನ್ನು ಕಣ್ಣು ಮುಚ್ಚಿಕೊಂಡು ಕಟ್ಟಬಹುದು, ಆರೇಳು ತಿಂಗಳ ಪೆನ್ಷನ್ನಿನಲ್ಲಿ ಅಸಲು ಬಂತು. ಹತ್ತು ಮುಟ್ಟಿಸುವ ಕ್ಲಾಸ್ 3 ವರ್ಷಗಳನ್ನೂ ಬಿಡಬಾರದು. ಹತ್ತರ ಮೇಲಿನ ಕ್ಲಾಸ್ 3 ವರ್ಷಗಳಿಗೆ ಮಾತ್ರ ಯೋಚನೆ ಬೇಕು. 2025-26ರ ದರದಲ್ಲಿ 923 ಕಟ್ಟಿದರೆ ವರ್ಷಕ್ಕೆ 342, ಮೂರು ವರ್ಷದೊಳಗೆ ಅಸಲು ಬರುತ್ತದೆ, ನಿಜ. ಆದರೆ 67 ಆಗುವ ಮುಂಚೆ ನಾವು ಹೋದರೆ ಕಟ್ಟಿದ್ದು ವಾಪಸಿಲ್ಲ. ಹೊಸ ಪದ್ಧತಿಯಲ್ಲಿ ಕಟ್ಟಿ ಗಳಿಸಿದ ವರ್ಷಗಳು ಸಾಮಾನ್ಯವಾಗಿ ಗಂಡನಿಗೋ ಹೆಂಡತಿಗೋ ದಾಟುವುದೂ ಇಲ್ಲ. ಆರೋಗ್ಯ ಸರಿಯಿಲ್ಲದವರು, ಪೆನ್ಷನ್ನಿಗೆ ಇನ್ನೂ ಇಪ್ಪತ್ತು ವರ್ಷ ಇರುವವರು, ಆಸ್ಪತ್ರೆ ಖರ್ಚಿಗೆಂದು ಇಟ್ಟ ದುಡ್ಡನ್ನು ತೆಗೆದು ಇದಕ್ಕೆ ಹಾಕಬೇಡಿ. ಇದನ್ನು ಕಟ್ಟಿದರೆ ಅಲ್ಲಿನ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ಪುಕ್ಕಟೆ ನೋಡುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೇನೆ. ಇಲ್ಲ, ಅದು ಅಲ್ಲಿ ವಾಸವಿರುವವರಿಗೆ.

ನನ್ನದು ಈಗ 13, ಕ್ಲಾಸ್ 2ರ 5, ನಿವೃತ್ತಿಯ ನಂತರ ಕ್ಲಾಸ್ 3ರಲ್ಲಿ ಕಟ್ಟಿದ 2024-25 ಮತ್ತು 2025-26, ಒಟ್ಟು 20. ವರ್ಷಕ್ಕೊಂದರಂತೆ 25ರವರೆಗೆ ಕಟ್ಟಿ ನಿಲ್ಲಿಸುತ್ತೇನೆ. ಉಳಿದದ್ದು ಅಮ್ಮನ ಫಿಸಿಯೋಥೆರಪಿಗೆ, ನಮ್ಮ ಮುಪ್ಪಿಗೆ ಇಲ್ಲೇ ಇರಲಿ.

ಪೆನ್ಷನ್ ಬರುವ ದಿನಕ್ಕೆ

ಪೆನ್ಷನ್ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಹೊರದೇಶದಲ್ಲಿರುವವರ ಅರ್ಜಿ ನೋಡುವುದು ಇಂಟರ್‌ನ್ಯಾಷನಲ್ ಪೆನ್ಷನ್ ಸೆಂಟರ್. ವಯಸ್ಸು ತುಂಬುವ ನಾಲ್ಕು ತಿಂಗಳ ಒಳಗೆ ಬಂದಾಗ ಅರ್ಜಿ ಹಾಕಬಹುದು. ದುಡ್ಡು ಬೆಂಗಳೂರಿನ ಖಾತೆಗೇ ರೂಪಾಯಿಯಲ್ಲಿ ಬರುತ್ತದೆ, ನಾಲ್ಕು ವಾರಕ್ಕೊಮ್ಮೆಯೋ ಹದಿಮೂರು ವಾರಕ್ಕೊಮ್ಮೆಯೋ ನೀವೇ ಆರಿಸಿಕೊಳ್ಳಬಹುದು. ಇಲ್ಲಿ ವಾಸವಿರುವವರು ಅದಕ್ಕೆ ತೆರಿಗೆ ಕೊಡಬೇಕಾದದ್ದು ಇಲ್ಲೇ, ರಿಟರ್ನ್‌ನಲ್ಲಿ ತೋರಿಸಿ.

ನಮ್ಮ ಅಪ್ಪ ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ಜೀವಿತ ಪ್ರಮಾಣಪತ್ರ ಕೊಟ್ಟು ಬರುತ್ತಿದ್ದರು. ಬ್ರಿಟನ್ನಿನವರದೂ ಹಾಗೆಯೇ, ಅಂಚೆಯಲ್ಲಿ ಒಂದು ಫಾರಂ ಬರುತ್ತದೆ. ಸಾಕ್ಷಿಯ ಎದುರು ಸಹಿ ಹಾಕಿ, ಅವರ ಸಹಿಯನ್ನೂ ಹಾಕಿಸಿ ವಾಪಸು ಕಳಿಸಬೇಕು. ಕಳಿಸದಿದ್ದರೆ ಪೆನ್ಷನ್ ನಿಲ್ಲಬಹುದು. ಮನೆ ಬದಲಾಯಿಸಿದಾಗಲೆಲ್ಲ ಹೊಸ ವಿಳಾಸ ತಿಳಿಸಿ ಎನ್ನುವುದು ಇದಕ್ಕೇ.

ನೀಲಿ ಫೈಲು ಈಗ ಬೀರುವಿನ ಮೇಲಿನ ಅರೆಯಲ್ಲಿದೆ. ಮೊದಲ ಹಾಳೆಯಲ್ಲಿ ಇಬ್ಬರ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಇದುವರೆಗೆ ಸೇರಿದ ವರ್ಷಗಳು, ಮುಂದಿನದನ್ನು ಯಾವ ಏಪ್ರಿಲ್ 5ರೊಳಗೆ ಕಟ್ಟಬೇಕು, ಪೆನ್ಷನ್‌ಗೆ ಯಾವಾಗ ಅರ್ಜಿ ಹಾಕಬೇಕು ಎಂದು ಮಗಳಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಅದರ ಹಿಂದೆ ಸ್ವಿಫ್ಟ್ ಕಾಪಿಗಳು, ಆ ಹದಿನೆಂಟು ಪೌಂಡಿನದೂ ಸೇರಿ.